ಮನಸ್ಸಿನ ಚಿಕಿತ್ಸೆ: ಪುಸ್ತಕದಿಂದ ಸಂಘದ ಚಾಪೆಗೆ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ‘ಮನೋಚಿಕಿತ್ಸೆಯಲ್ಲಿ ಸಂಶೋಧನೆ ಮತ್ತು ಆಚರಣೆಯ ನಡುವಿನ ಕಂದಕ’. ಇದನ್ನು ಕೇಳಿದ ಕೂಡಲೇ, ಇದು ನಮಗಲ್ಲ, ಡಾಕ್ಟರುಗಳಿಗೆ ಹೇಳಬೇಕಾದ ಮಾತು ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು. ನಾನು ಹೇಳಬೇಕೆಂದಿರುವುದು ಇದಕ್ಕೆ ತಿರುಗಾ. ಈ ಕಂದಕದೊಳಗೆ ಮೊದಲು ಬೀಳುವವಳು ನಮ್ಮ ಹೆಣ್ಣುಮಗಳು. ಅದಕ್ಕೆ ಸೇತುವೆ ಕಟ್ಟುವ ಕೆಲಸದಲ್ಲಿ ಅರ್ಧ ಪಾಲು ನಿಮ್ಮ ಸಂಘಗಳದ್ದು.

ಅವಳು ಹೇಗೆ ಬೀಳುತ್ತಾಳೆ ಎಂಬುದನ್ನು ನೀವೆಲ್ಲ ಕಂಡಿದ್ದೀರಿ. ತವರಿನಿಂದ ಬರಬೇಕಾದ ಬಾಕಿ ಹಣಕ್ಕಾಗಿ ದಿನವೂ ಬೈಗುಳ, ಹೊಡೆತ ತಿನ್ನುವ ಹೆಂಗಸು ಆರೋಗ್ಯ ಕೇಂದ್ರಕ್ಕೆ ಹೋದರೆ ‘ಗಂಡ ಹೊಡೆಯುತ್ತಾನೆ’ ಎನ್ನುವುದಿಲ್ಲ. ತಲೆಭಾರ ಎನ್ನುತ್ತಾಳೆ, ಎದೆ ಬಡಿದುಕೊಳ್ಳುತ್ತದೆ ಎನ್ನುತ್ತಾಳೆ, ಕೈಕಾಲು ಸೋಲುತ್ತವೆ, ನಿದ್ದೆ ಇಲ್ಲ ಎನ್ನುತ್ತಾಳೆ. ಅಲ್ಲಿ ಒಂದು ಟಾನಿಕ್ಕು, ನಾಲ್ಕು ಗುಳಿಗೆ ಸಿಗುತ್ತವೆ. ಊರ ಹಿರಿಯರ ಬಳಿ ಹೋದರೆ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಸಿಗುತ್ತದೆ. ತವರಿಗೆ ಹೋದರೆ ‘ಹೊಂದಿಕೊಂಡು ಹೋಗವ್ವ’ ಎಂಬ ಬುದ್ಧಿಮಾತು. ಸಂಘಕ್ಕೆ ಎರಡು ವಾರ ಬಾರದಿದ್ದರೆ ನಾವು ಕೇಳುವುದು ಕಂತಿನ ಹಣ. ಕೊನೆಗೊಂದು ದಿನ ಹೊಲಕ್ಕೆ ತಂದಿಟ್ಟ ಕ್ರಿಮಿನಾಶಕದ ಡಬ್ಬಿ ಅವಳ ಕೈಗೆ ಸಿಗುತ್ತದೆ.

ಇದು ಬರಿಯ ಭಾವುಕ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2021ನೇ ಇಸವಿಯೊಂದರಲ್ಲೇ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಗೃಹಿಣಿಯರ ಸಂಖ್ಯೆ 23 ಸಾವಿರಕ್ಕೂ ಹೆಚ್ಚು. 2022ರಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6 ಸಾವಿರಕ್ಕೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ್ದಾರೆ. ಈ ಚಾಪೆಯ ಮೇಲೆ ಕುಳಿತಿರುವ ನಮ್ಮನ್ನೇ ಎಣಿಸಿಕೊಂಡು ನೋಡಿ.

ಸಂಶೋಧನೆ ಎಂದರೇನು?

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವಳು. ಮನೋಚಿಕಿತ್ಸೆ ಎಂದರೆ ನೊಂದ ಮನಸ್ಸಿಗೆ ಮಾತಿನ ಮೂಲಕ, ಒಂದು ಶಿಸ್ತಿಗೆ ಒಳಪಟ್ಟು ಮಾಡುವ ಚಿಕಿತ್ಸೆ. ಅದು ಗುಳಿಗೆಯ ಜೊತೆಗೂ ಇರಬಹುದು, ಗುಳಿಗೆಯಿಲ್ಲದೆಯೂ ಇರಬಹುದು. ‘ಮಾತಿನಿಂದ ಕಾಯಿಲೆ ವಾಸಿಯಾಗುತ್ತದೆಯೆ?’ ಎಂದು ನೀವು ಕೇಳಬಹುದು. ದೊಡ್ಡ ದೊಡ್ಡ ವಿದ್ವಾಂಸರೂ ಇದನ್ನೇ ಕೇಳಿದ್ದಾರೆ. 1952ರಲ್ಲಿ ಇಂಗ್ಲೆಂಡಿನ ಹ್ಯಾನ್ಸ್ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞ, ಇಂಥ ತೊಂದರೆಯವರಲ್ಲಿ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದೊಳಗೆ ತಾವಾಗಿಯೇ ಸುಧಾರಿಸುತ್ತಾರೆ, ಚಿಕಿತ್ಸೆಯಿಂದ ಹೆಚ್ಚಿನ ಲಾಭವಿದೆ ಎಂಬುದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿದ. ದೊಡ್ಡ ವಾಗ್ವಾದವೇ ನಡೆಯಿತು. 1977ರಲ್ಲಿ ಅಮೆರಿಕದ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಎಂಬಿಬ್ಬರು 375 ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ, ಪಡೆಯದ 100 ಜನರಲ್ಲಿ 75 ಮಂದಿಗಿಂತ ಚೆನ್ನಾಗಿರುತ್ತಾನೆ ಎಂದು ತೋರಿಸಿದರು. ಮಾತಿಗೆ ಶಕ್ತಿಯಿದೆ ಎಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಈ ಲೆಕ್ಕ ಹೇಗೆ ಮಾಡುತ್ತಾರೆ? ನಿಮ್ಮಲ್ಲಿ ಹಲವರು ಸಾಲ ತೆಗೆದು ಹಸು ಕಟ್ಟಿದ್ದೀರಿ. ಅಂಗಡಿಯವನು ಹೊಸ ಹಿಂಡಿ ತಂದು, ಇದನ್ನು ತಿನ್ನಿಸಿದರೆ ಹಾಲು ಹೆಚ್ಚುತ್ತದೆ ಎನ್ನುತ್ತಾನೆ. ನಂಬುವುದು ಹೇಗೆ? ಸಂಘದ 20 ಹಸುಗಳ ಹೆಸರು ಚೀಟಿಯಲ್ಲಿ ಬರೆದು ಎತ್ತಿ, ಹತ್ತಕ್ಕೆ ಹೊಸ ಹಿಂಡಿ, ಹತ್ತಕ್ಕೆ ಹಳೆಯ ಹಿಂಡಿ ಹಾಕಿ, ಮೂರು ತಿಂಗಳು ಹಾಲು ಅಳೆದು ಬರೆಯಬೇಕು. ಚೀಟಿ ಏಕೆ ಎತ್ತಬೇಕು? ಒಳ್ಳೆಯ ಹಸುಗಳಿಗೇ ಹೊಸ ಹಿಂಡಿ ಹಾಕಿದರೆ ಹಿಂಡಿಯ ಗುಣ ಯಾವುದು, ಹಸುವಿನ ಗುಣ ಯಾವುದು ಎಂದು ತಿಳಿಯುವುದಿಲ್ಲ. ಚಿಕಿತ್ಸೆಯ ಸಂಶೋಧನೆಯೂ ಇದೇ. ಚೀಟಿ ಎತ್ತುವುದು, ಅಳೆಯುವುದು, ಬರೆಯುವುದು. ಈ ಮೂರನ್ನೂ ಬಲ್ಲವರು ನೀವು.

ಕಂದಕ ಎಲ್ಲಿದೆ?

ಹಾಗಾದರೆ ಕಂದಕ ಎಲ್ಲಿದೆ? ಮೊದಲನೆಯದು, ಸಂಶೋಧನೆಯ ಚಿಕಿತ್ಸೆ ಬಹುಪಾಲು ದೊಡ್ಡ ಊರಿನ, ದೊಡ್ಡ ಸಂಸ್ಥೆಯ ಚಿಕಿತ್ಸೆ. ವಾರಕ್ಕೊಮ್ಮೆ ಒಂದು ಗಂಟೆಯಂತೆ ಮೂರು ನಾಲ್ಕು ತಿಂಗಳು ಹೋಗಬೇಕು. ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿ, ಅತ್ತೆಗೆ ಕಾರಣ ಹೇಳಿ ಬರುವ ಹೆಂಗಸು ಒಮ್ಮೆ ಬಂದರೆ ಹೆಚ್ಚು. ಎರಡನೆಯದು, ಸಂಶೋಧನೆಯ ಬರಹ ಇಂಗ್ಲಿಷಿನಲ್ಲಿದೆ, ದುಬಾರಿ ಪತ್ರಿಕೆಗಳಲ್ಲಿದೆ. ತಾಲ್ಲೂಕಿನಲ್ಲಿ ಆಪ್ತಸಲಹೆ ಮಾಡುವ ಹುಡುಗಿಗೆ ಅದು ತಲುಪುವುದಿಲ್ಲ. ಅವಳು ತನ್ನ ಹಿರಿಯರು ಮಾಡುತ್ತಿದ್ದುದನ್ನೇ ಮುಂದುವರಿಸುತ್ತಾಳೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನೊಂದವಳ ನಿದ್ದೆ, ಊಟ, ಬೇಸರ ಎಲ್ಲವನ್ನೂ ಅಳೆದ ಸಂಶೋಧಕರಲ್ಲಿ ಬಹಳ ಮಂದಿ ‘ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೆ?’ ಎಂದು ಕೇಳಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಲೆಕ್ಕಕ್ಕೆ ಬಾರದ ನೋವಿಗೆ ಮದ್ದೂ ಇರುವುದಿಲ್ಲ.

ಇದರ ಫಲ ಏನೆಂದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೋರಿಸಿತು. ಮಾನಸಿಕ ತೊಂದರೆಯಿರುವವರಲ್ಲಿ ಕಾಯಿಲೆಯಿಂದ ಕಾಯಿಲೆಗೆ 100ಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ತಜ್ಞರು ಬರುತ್ತಾರೆ ಎಂದು ಕಾಯುತ್ತಾ ಕುಳಿತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಕಂದಕ ಮುಚ್ಚುವುದಿಲ್ಲ. ನಿಮ್ಹಾನ್ಸಿನವರೇ ಇದನ್ನು ಬಹಳ ಹಿಂದೆಯೇ ಮನಗಂಡು, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1970ರ ದಶಕದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನೋಡಿದರು. ಬಳ್ಳಾರಿಯ ಆ ಪ್ರಯೋಗವೇ ಮುಂದೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ದಾರಿಯ ಮೊದಲ ಹೆಜ್ಜೆಗಳು ನಮ್ಮ ನೆಲದಲ್ಲೇ ಬಿದ್ದವು ಎಂಬುದನ್ನು ಮರೆಯಬಾರದು.

ಮೈ ಹೇಳುವ ಮಾತು

ಈಗ ಪಕ್ಕದ ಗೋವಾಕ್ಕೆ ಹೋಗೋಣ. ಅಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಾತಿಗಳು ‘ಸಂಗಾತ್’ ಎಂಬ ಸಂಸ್ಥೆಯ ಮೂಲಕ ಅನೇಕ ವರ್ಷ ಕೆಲಸ ಮಾಡಿದರು. ನಮ್ಮ ಹೆಂಗಸರು ಸಂಕೋಚದಿಂದ ಹೇಳಿಕೊಳ್ಳುವ ಬಿಳಿಸೆರಗಿನ ತೊಂದರೆಯ ಬಗ್ಗೆ ಅವರು ಊರಿನ ಹೆಂಗಸರ ನಡುವೆ ಒಂದು ಸಮೀಕ್ಷೆ ನಡೆಸಿ 2005ರಲ್ಲಿ ಪ್ರಕಟಿಸಿದರು. ಬಿಳಿಸೆರಗು ಎಂದರೆ ಸೋಂಕು ಎಂದೇ ವೈದ್ಯರು ತಿಳಿಯುತ್ತಾರೆ. ಆದರೆ ಆ ತೊಂದರೆ ಹೇಳಿಕೊಂಡ ಹೆಂಗಸರಲ್ಲಿ ಸೋಂಕಿಗಿಂತ ಮನಸ್ಸಿನ ಯಾತನೆಯ ನಂಟೇ ಬಲವಾಗಿ ಕಂಡಿತು. ಸೋಂಕಿನ ಪರೀಕ್ಷೆ ಬೇಡ ಎಂದು ಇದರ ಅರ್ಥವಲ್ಲ, ಅದನ್ನೂ ಮಾಡಿಸಬೇಕು. ಆದರೆ ಗುಳಿಗೆ ಕೊಟ್ಟು ಕಳಿಸುವ ಮೊದಲು ‘ಮನೆಯಲ್ಲಿ ಹೇಗಿದ್ದೀಯಮ್ಮ?’ ಎಂಬ ಒಂದು ಪ್ರಶ್ನೆಯೂ ಚಿಕಿತ್ಸೆಯ ಭಾಗವೇ.

ತಲೆಭಾರ, ಕೈಕಾಲು ಸೋಲು, ಬಿಳಿಸೆರಗು, ಇವೆಲ್ಲ ಹೆಂಗಸರ ಮೈ ಆಡುವ ಮಾತು. ಬಾಯಿ ಆಡಲಾರದ್ದನ್ನು ಮೈ ಆಡುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ಖಿನ್ನತೆ’ ಎಂಬ ಹೆಸರಿದೆ. ಗಂಡನ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಖಿನ್ನತೆಯ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿದೆ.

ಸಂಘದಂಥ ಗುಂಪುಗಳೇ ಚಿಕಿತ್ಸೆ ಮಾಡಿದವು

ತಜ್ಞರಲ್ಲದವರು ಈ ಕೆಲಸ ಮಾಡಬಲ್ಲರೆ? ಆಫ್ರಿಕದ ಉಗಾಂಡ ದೇಶದಲ್ಲಿ ನಡೆದದ್ದನ್ನು ಕೇಳಿ. ಏಡ್ಸ್ ಕಾಯಿಲೆಯಿಂದ ಮನೆಮನೆಯಲ್ಲೂ ಸಾವು ಕಂಡ ಪ್ರದೇಶ ಅದು. ಸಂಶೋಧಕರು ಮೊದಲು ಹಳ್ಳಿಯವರನ್ನೇ ಕೇಳಿ, ಮನಸ್ಸು ಕುಸಿದುದಕ್ಕೆ ಅವರ ಭಾಷೆಯಲ್ಲಿ ಇರುವ ಮಾತುಗಳನ್ನು ತಿಳಿದುಕೊಂಡರು. ಆಮೇಲೆ 30 ಹಳ್ಳಿಗಳಲ್ಲಿ, ಚೀಟಿ ಎತ್ತಿದಂತೆ, ಕೆಲವು ಹಳ್ಳಿಗಳಲ್ಲಿ ಮಾತ್ರ ಗುಂಪುಗಳನ್ನು ಮಾಡಿದರು. ಹೆಂಗಸರಿಗೆ ಹೆಂಗಸರ ಗುಂಪು, ಗಂಡಸರಿಗೆ ಗಂಡಸರ ಗುಂಪು. ಗುಂಪು ನಡೆಸಿದವರು ವೈದ್ಯರಲ್ಲ, ಎರಡು ವಾರದ ತರಬೇತಿ ಪಡೆದ ಸ್ಥಳೀಯರು. ವಾರಕ್ಕೊಮ್ಮೆ, ಒಂದೂವರೆ ಗಂಟೆ, 16 ವಾರ. ಮಾತಾಡಿದ್ದು ಮೂರೇ ಸಂಗತಿಗಳ ಬಗ್ಗೆ: ಸಾವಿನ ದುಃಖ, ಮನೆಯವರೊಡನೆ ಜಗಳ, ಬಾಳಿನಲ್ಲಿ ಬಂದ ಬದಲಾವಣೆ.

2003ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಆರಂಭದಲ್ಲಿ ಎರಡೂ ಕಡೆ 100ಕ್ಕೆ 85ಕ್ಕೂ ಹೆಚ್ಚು ಮಂದಿಗೆ ತೀವ್ರ ಖಿನ್ನತೆಯಿತ್ತು. ಕೊನೆಗೆ ಗುಂಪು ಇಲ್ಲದ ಹಳ್ಳಿಗಳಲ್ಲಿ ಇನ್ನೂ 100ಕ್ಕೆ ಸುಮಾರು 55 ಮಂದಿಗೆ ಖಿನ್ನತೆ ಉಳಿದಿತ್ತು. ಗುಂಪು ನಡೆದ ಹಳ್ಳಿಗಳಲ್ಲಿ ಉಳಿದದ್ದು ಸುಮಾರು 6 ಅಥವಾ 7 ಮಂದಿಗೆ ಮಾತ್ರ. ವಾರಕ್ಕೊಮ್ಮೆ ಸೇರುವುದು, ಸುತ್ತಾಗಿ ಕೂರುವುದು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುವುದು, ಇದು ನಿಮಗೆ ಹೊಸದೆ? ಆದರೆ ಒಂದು ವ್ಯತ್ಯಾಸವಿದೆ. ಅವರು ಕಲಿತು ಮಾಡಿದರು, ಹೇಳಿದ ಕ್ರಮ ಬಿಡದೆ ಮಾಡಿದರು. ಸುಮ್ಮನೆ ಕುಳಿತು ಕಷ್ಟಸುಖ ಮಾತಾಡುವುದು ಮನಸ್ಸಿಗೆ ಹಗುರ. ಅದು ಚಿಕಿತ್ಸೆಯಾಗಬೇಕಾದರೆ ಕ್ರಮ ಬೇಕು.

ಗೋವಾದಲ್ಲಿ ಕಂಡ ಎರಡು ಸಂಗತಿಗಳು

ಮತ್ತೆ ಗೋವಾಕ್ಕೆ ಬರೋಣ. ಅಲ್ಲಿಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಎರಡು ಪರೀಕ್ಷೆಗಳ ವರದಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯ ಪತ್ರಿಕೆಯ 2017ರ ಸಂಚಿಕೆಯಲ್ಲಿ ಬಂತು. ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕು.

ಮೊದಲನೆಯದು ತೀವ್ರ ಖಿನ್ನತೆಯಿದ್ದ 495 ಮಂದಿಗೆ ಸಂಬಂಧಿಸಿದ್ದು. ಮಾನಸಿಕ ಆರೋಗ್ಯದ ಓದು ಇಲ್ಲದ, ಆದರೆ ತರಬೇತಿ ಪಡೆದ ಸಾಮಾನ್ಯ ಜನರು ಆಪ್ತಸಲಹೆಗಾರರಾದರು. ಒಬ್ಬೊಬ್ಬರಿಗೆ ಆರರಿಂದ ಎಂಟು ಭೇಟಿ, ಭೇಟಿಗೆ ಅರ್ಧ ಗಂಟೆಯಿಂದ ನಲವತ್ತು ನಿಮಿಷ. ವಿಧಾನ ಸರಳವಾದದ್ದು. ಮನಸ್ಸು ಕುಸಿದಾಗ ನಾವು ಇಷ್ಟದ ಕೆಲಸ ಬಿಡುತ್ತೇವೆ, ಜನರನ್ನು ಬಿಡುತ್ತೇವೆ. ಬಿಟ್ಟಷ್ಟೂ ಮನಸ್ಸು ಇನ್ನೂ ಕುಸಿಯುತ್ತದೆ. ಈ ಸುತ್ತನ್ನು ಕೆಲಸದ ಕಡೆಯಿಂದ ಕಡಿಯಬೇಕು. ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆ ಎನ್ನುವ ಬದಲು, ಇವತ್ತು ಒಂದು ಸಣ್ಣ ಕೆಲಸ: ಅಂಗಳದ ಗಿಡಕ್ಕೆ ನೀರು, ಗೆಳತಿಯ ಮನೆಗೆ ಒಂದು ಸಲ ಹೋಗುವುದು, ಸಂಘಕ್ಕೆ ಬಂದು ಕೂರುವುದು. ಮಾಡಿದ್ದನ್ನೂ ಮಾಡಿದಾಗ ಏನನ್ನಿಸಿತೆಂಬುದನ್ನೂ ಮುಂದಿನ ವಾರ ಕೂಡಿ ನೋಡುವುದು. ಮೂರು ತಿಂಗಳಲ್ಲಿ ಈ ಸಲಹೆ ಪಡೆದವರಲ್ಲಿ 100ಕ್ಕೆ 64 ಮಂದಿ ಚೇತರಿಸಿಕೊಂಡರು. ಎಂದಿನ ಉಪಚಾರ ಪಡೆದವರಲ್ಲಿ 39 ಮಂದಿ. ಅಷ್ಟೇ ಅಲ್ಲ, ಈ ಸಂಶೋಧಕರು ಹಿಂಸೆಯ ಪ್ರಶ್ನೆಯನ್ನೂ ಕೇಳಿದ್ದರು. ಸಲಹೆ ಪಡೆದ ಹೆಂಗಸರಲ್ಲಿ ಗಂಡನಿಂದ ಹೊಡೆತ ತಿಂದೆವು ಎಂದವರ ಪ್ರಮಾಣವೂ ಕಡಿಮೆಯಾಗಿತ್ತು.

ಎರಡನೆಯದು ಕುಡಿತ ವಿಪರೀತವಾಗಿದ್ದ 377 ಗಂಡಸರಿಗೆ ಸಂಬಂಧಿಸಿದ್ದು. ಆಪ್ತಸಲಹೆ ಪಡೆದವರಲ್ಲಿ ಕುಡಿತ ಬಿಟ್ಟವರ ಪ್ರಮಾಣ ಹೆಚ್ಚಿತು. ಬಹಳ ಒಳ್ಳೆಯದು. ಆದರೆ ಹೆಂಡತಿಯ ಮೇಲಿನ ಹಿಂಸೆ ಅದರಿಂದ ಕಡಿಮೆಯಾಯಿತು ಎಂದು ಹೇಳುವಂಥ ವ್ಯತ್ಯಾಸ ಆ ಪರೀಕ್ಷೆಯಲ್ಲಿ ಕಾಣಲಿಲ್ಲ.

ಗೆಳತಿಯರೆ, ನಮಗೆಲ್ಲ ಬಾಯಿಪಾಠವಾದ ಒಂದು ಮಾತಿದೆ: ‘ಅವನು ಒಳ್ಳೆಯವನೇ, ಹೊಡೆಸುವುದು ಕುಡಿತ.’ ಹೆಂಡದಂಗಡಿ ಮುಚ್ಚಿಸಲು ನಮ್ಮ ಹೆಂಗಸರು ಹೋರಾಡಿದ್ದಾರೆ, ಅದು ಸರಿಯಾದ ಹೋರಾಟವೇ. ಕುಡಿತ ಬಿಡಿಸುವುದು ಅಗತ್ಯ. ಆದರೆ ಕುಡಿತ ಬಿಡಿಸಿದರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ಹೆಣ್ಣುಮಗಳಿಗೆ ಭರವಸೆ ಕೊಟ್ಟು ವಾಪಸು ಕಳಿಸುವ ಹಕ್ಕು ನಮಗಿಲ್ಲ. ಕುಡಿದವನು ಸಾಹುಕಾರನಿಗೆ ಹೊಡೆಯುವುದಿಲ್ಲ, ಪೊಲೀಸಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಗೇ ಹೊಡೆಯುತ್ತಾನೆ. ಯಾರಿಗೆ ಹೊಡೆಯಬಹುದು ಎಂಬ ಅರಿವು ಕುಡಿತದಲ್ಲೂ ಇರುತ್ತದೆ. ಅದನ್ನು ಕಲಿಸಿದ್ದು ಹೆಂಡವಲ್ಲ, ಈ ಗಂಡಾಳಿಕೆಯ ಸಮಾಜ.

ಮೊದಲ ಪರೀಕ್ಷೆಯನ್ನು ತಪ್ಪಾಗಿ ಓದುವ ಅಪಾಯವೂ ಇದೆ. ‘ನೋಡಿ, ಹೆಂಡತಿ ಲವಲವಿಕೆಯಿಂದಿದ್ದರೆ ಗಂಡ ಹೊಡೆಯುವುದಿಲ್ಲ’ ಎಂದು ಯಾರಾದರೂ ಹೇಳಿಯಾರು. ಹಾಗಲ್ಲ. ಹೊಡೆತದ ಹೊಣೆ ಯಾವತ್ತೂ ಹೊಡೆಯುವವನದ್ದೇ. ಮನಸ್ಸಿಗೆ ಬಲ ಬಂದ ಹೆಂಗಸು ಹೊರಗೆ ಬರುತ್ತಾಳೆ, ನಾಲ್ಕು ಜನರಿಗೆ ಹೇಳುತ್ತಾಳೆ, ಅವಳು ಒಂಟಿಯಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಇದು ನನ್ನ ಊಹೆ. ನಿಮ್ಮ ಅನುಭವವೇನು, ಚರ್ಚೆಯಲ್ಲಿ ಹೇಳಿ.

ಗೋವಾದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಆ ಸಲಹೆಗಾರರು ತಮ್ಮ ಭೇಟಿಗಳ ಧ್ವನಿಮುದ್ರಣವನ್ನು ಗುಂಪಾಗಿ ಕೂತು ಕೇಳುತ್ತಿದ್ದರು. ನೊಂದವರ ಮಾತಿಗೆ ಅಡ್ಡ ಬಂದೆನೆ, ಬುದ್ಧಿ ಹೇಳಿಬಿಟ್ಟೆನೆ, ಹೇಳಿದ ಕ್ರಮ ಬಿಟ್ಟೆನೆ ಎಂದು ಒಬ್ಬರಿಗೊಬ್ಬರು ಅಂಕ ಕೊಟ್ಟುಕೊಳ್ಳುತ್ತಿದ್ದರು. ಆ ಅಂಕಗಳು ತಜ್ಞರ ಅಂಕಗಳಿಗೆ ಸಾಕಷ್ಟು ಹತ್ತಿರವಿದ್ದವು. ಅಂದರೆ ಕೆಲಸದ ಗುಣಮಟ್ಟವನ್ನು ಕಾಯುವುದು ಕೂಡ ಸಾಮಾನ್ಯರ ಕೈಲಾಗುವ ಕೆಲಸ. ಸಂಘದ ಲೆಕ್ಕವನ್ನು ಎಲ್ಲರೆದುರು ಓದಿ ಒಪ್ಪಿಸುವ ನಿಮಗೆ ಇದು ಕಷ್ಟವಾಗಬಾರದು. ಆದರೆ ನೊಂದವಳ ಒಪ್ಪಿಗೆಯಿಲ್ಲದೆ ಅವಳ ಮಾತನ್ನು ಯಾರೂ ಮುದ್ರಿಸಕೂಡದು.

ಮೊದಲು ಜೀವ, ಆಮೇಲೆ ಮನಸ್ಸು

ಹಿಂಸೆಯಿರುವ ಮನೆಯಲ್ಲಿ ಖಿನ್ನತೆಗೆ ಮಾತ್ರ ಚಿಕಿತ್ಸೆ ಕೊಡುವುದೆಂದರೆ ಸೋರುವ ಮನೆಯಲ್ಲಿ ನೆಲ ಒರೆಸಿದಂತೆ. ಇದನ್ನು ಮೊದಲು ಹೇಳಿದವರು ಸಂಶೋಧಕರಲ್ಲ, ಮಹಿಳಾ ಚಳವಳಿಯ ಕಾರ್ಯಕರ್ತೆಯರು. ‘ಸ್ಟೋವ್ ಸಿಡಿದು ಸತ್ತಳು’ ಎಂದು ಬರೆದ ಕಾಗದಗಳ ಹಿಂದೆ ಏನಿದೆ ಎಂದು ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಿಗೆ ಹೋಗಿ ಕೇಳಿದವರು ಅವರು. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಸೇಹತ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಮಹಾನಗರಪಾಲಿಕೆ ಕೂಡಿ 2000ದ ಇಸವಿಯ ಸುಮಾರಿಗೆ ‘ದಿಲಾಸಾ’ ಎಂಬ ಕೇಂದ್ರ ತೆರೆದವು. ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳಲು ಬಂದವಳಿಗೆ ಅದೇ ಕಟ್ಟಡದಲ್ಲಿ ಆಪ್ತಸಲಹೆಯೂ ಸಿಗುವಂತಾಯಿತು. ಕೇಂದ್ರದ ಅನುಭವವನ್ನು ಬರೆದಿಟ್ಟು, ಪರಿಶೀಲಿಸಿ, ಅದರಿಂದ ಇತರರಿಗೆ ಮಾರ್ಗಸೂಚಿ ಮಾಡಿದರು. ಅಲ್ಲಿ ಸಂಶೋಧನೆಯೂ ಆಚರಣೆಯೂ ಒಂದೇ ಬಾಗಿಲಲ್ಲಿ ಓಡಾಡಿದವು.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ವಿಷಯದ ಮಾರ್ಗಸೂಚಿಯನ್ನೂ ಮರುವರ್ಷ ಒಂದು ಕೈಪಿಡಿಯನ್ನೂ ತಂದಿತು. ಅದು ಹೇಳುವ ಐದು ಹೆಜ್ಜೆಗಳನ್ನು ಬೆರಳೆಣಿಸಿ ನೆನಪಿಡಿ. ಒಂದು, ತೀರ್ಪು ಕೊಡದೆ ಆಲಿಸುವುದು. ಎರಡು, ಅವಳಿಗೆ ಈಗ ಏನು ಬೇಕೆಂದು ವಿಚಾರಿಸುವುದು. ಮೂರು, ‘ನಿನ್ನನ್ನು ನಂಬುತ್ತೇನೆ, ಇದು ನಿನ್ನ ತಪ್ಪಲ್ಲ’ ಎಂದು ಹೇಳುವುದು. ನಾಲ್ಕು, ಸುರಕ್ಷತೆಯ ದಾರಿ ಯೋಚಿಸುವುದು. ಐದು, ನೆರವು ಸಿಗುವ ಕಡೆಗೆ ಜೊತೆಗೂಡಿ ಮುಟ್ಟಿಸುವುದು. ಅತ್ತೆ, ಗಂಡ, ಮಾತು ಬರುವ ಮಕ್ಕಳ ಎದುರಿಗೆ ಕೇಳಬಾರದು. ಹೇಳು ಎಂದು ಒತ್ತಾಯಿಸಬಾರದು.

ನಾಲ್ಕನೆಯ ಹೆಜ್ಜೆಗೆ ಆ ಕೈಪಿಡಿಯಲ್ಲಿ ಆರು ಪ್ರಶ್ನೆಗಳಿವೆ. ಆರು ತಿಂಗಳಿಂದ ಹೊಡೆತ ಹೆಚ್ಚಾಗಿದೆಯೆ? ಆಯುಧ ಎತ್ತಿದ್ದಾನೆಯೆ, ಎತ್ತುತ್ತೇನೆಂದು ಹೆದರಿಸಿದ್ದಾನೆಯೆ? ಕುತ್ತಿಗೆ ಹಿಸುಕಿದ್ದಾನೆಯೆ? ಅವನು ನಿನ್ನನ್ನು ಕೊಂದಾನೆಂದು ನಿನಗನ್ನಿಸುತ್ತದೆಯೆ? ಬಸುರಿಯಿದ್ದಾಗ ಹೊಡೆದಿದ್ದಾನೆಯೆ? ಸದಾ ಸಂಶಯಪಟ್ಟು ಹಿಂಸೆಗಿಳಿಯುತ್ತಾನೆಯೆ? ಮೂರಕ್ಕೆ ಹೌದೆಂದರೆ ಅಪಾಯ ತೀರಾ ಹತ್ತಿರದಲ್ಲಿದೆ ಎಂದು ತಿಳಿಯಬೇಕು. ನಮ್ಮ ಕಡೆಯ ಅನುಭವದಿಂದ ನಾನು ಏಳನೆಯದೊಂದನ್ನು ಸೇರಿಸುತ್ತೇನೆ: ‘ಸೀಮೆಎಣ್ಣೆ, ಪೆಟ್ರೋಲು, ಬೆಂಕಿಯ ಮಾತು ಆಡಿದ್ದಾರೆಯೆ?’ ಅಂಥವಳನ್ನು ಆ ರಾತ್ರಿ ಅದೇ ಮನೆಗೆ ಒಂಟಿಯಾಗಿ ಕಳಿಸಕೂಡದು.

ಇಲ್ಲಿ ನಮ್ಮ ಸಂಘಗಳ ರಾಜಿ ಪಂಚಾಯಿತಿಯ ಬಗ್ಗೆ ಒಂದು ಮಾತು. ಇಬ್ಬರನ್ನೂ ಎದುರುಬದುರು ಕೂರಿಸಿ, ‘ನೀನೂ ಸ್ವಲ್ಪ ತಗ್ಗು, ಅವನೂ ತಗ್ಗಲಿ’ ಎನ್ನುವುದು ಆಪ್ತಸಲಹೆಯಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಿಯಮಗಳೇ ಹೇಳುತ್ತವೆ: ಆ ಕಾಯಿದೆಯಡಿ ನಡೆಯುವ ಆಪ್ತಸಲಹೆಯಲ್ಲಿ, ತಾನು ಮಾಡಿದ ಹಿಂಸೆಗೆ ಸಮರ್ಥನೆ ಕೊಡಲು ಹಿಂಸೆ ಮಾಡಿದವನಿಗೆ ಅವಕಾಶವಿಲ್ಲ. ಮುಂದೆ ಹಿಂಸಿಸುವುದಿಲ್ಲವೆಂದು ಅವನು ಮುಚ್ಚಳಿಕೆ ಬರೆದುಕೊಡಬೇಕು. ‘ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅದಕ್ಕೆ ಹೊಡೆದೆ’ ಎಂಬ ಮಾತನ್ನು ನ್ಯಾಯಾಲಯದ ಸಲಹೆಗಾರರೇ ಕೇಳಕೂಡದು ಎಂದಮೇಲೆ ನಾವೇಕೆ ಕೇಳಬೇಕು?

‘ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಚ್ಚಿ ಎಂದು ಬಿಟ್ಟುಬಿಡುತ್ತಾರೆ, ಮಕ್ಕಳನ್ನೂ ಕಿತ್ತುಕೊಳ್ಳುತ್ತಾರೆ’ ಎಂಬ ಹೆದರಿಕೆ ಅನೇಕರಿಗಿದೆ. ಅದು ಸುಳ್ಳು ಹೆದರಿಕೆಯಲ್ಲ, ಹಾಗೆ ಹೆದರಿಸುವವರಿದ್ದಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸ್ಪಷ್ಟವಾಗಿದೆ. ಒಬ್ಬರಿಗೆ ಮಾನಸಿಕ ಕಾಯಿಲೆಯಿದೆ ಎಂದ ಮಾತ್ರಕ್ಕೆ ಅವರು ಬುದ್ಧಿ ಸ್ವಾಧೀನವಿಲ್ಲದವರು ಎಂದಾಗುವುದಿಲ್ಲ, ಅದನ್ನು ನ್ಯಾಯಾಲಯವೇ ಹೇಳಬೇಕು. ಇನ್ನೊಂದು ಕಡೆ, ಹೆಂಗಸಿನ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಮಾಡುವುದು ಕೂಡ ಕ್ರೌರ್ಯವೆಂದು ಹಿಂದಿನ 498ಎ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಬದಲು ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳೂ ಅದನ್ನೇ ಹೇಳುತ್ತವೆ. ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಡಿ. ಅದು ಅವಮಾನದ ಕಾಗದವಲ್ಲ, ಸಾಕ್ಷಿಯ ಕಾಗದ.

ಸಂಘದಲ್ಲಿ ಏನು ಮಾಡಬಹುದು?

ಹಾಜರಿ ಪುಸ್ತಕದಿಂದಲೇ ಆರಂಭಿಸೋಣ. ಎರಡು ವಾರ ಬಾರದವಳ ಮನೆಗೆ ಕಂತು ಕೇಳಲು ಹೋಗುವ ಮೊದಲು ಕ್ಷೇಮ ಕೇಳಲು ಒಬ್ಬರು ಹೋಗಲಿ. ಮೊದಲ ಸುಳಿವು ಸಿಗುವುದು ಅಲ್ಲೇ.

ಪ್ರತಿ ಸಂಘದಿಂದ ಇಬ್ಬರು ತರಬೇತಿ ಪಡೆಯಲಿ. ಗುಟ್ಟು ಕಾಯಬಲ್ಲವರನ್ನು ಆರಿಸಿ, ಮಾತುಗಾರ್ತಿಯರನ್ನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ, ತರಬೇತಿಗೆ ಒತ್ತಾಯ ಮಾಡಿ. ಖಿನ್ನತೆ ಗುರುತಿಸಲು ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಅದಕ್ಕೆ ಶುಲ್ಕವಿಲ್ಲ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆ, ಬೇಸರವೆ, ನಿದ್ದೆ ಹೇಗೆ, ಸುಸ್ತು ಹೇಗೆ, ಊಟ ಸೇರುತ್ತದೆಯೆ, ಸತ್ತರೆ ಮೇಲು ಎನ್ನಿಸುತ್ತದೆಯೆ ಎಂಬಂಥ ಪ್ರಶ್ನೆಗಳು ಅವು. ಅದರಿಂದ ಕಾಯಿಲೆಯ ಹೆಸರು ತೀರ್ಮಾನವಾಗುವುದಿಲ್ಲ, ಡಾಕ್ಟರ ಹತ್ತಿರ ಕರೆದೊಯ್ಯಬೇಕೆ ಎಂದು ತಿಳಿಯುತ್ತದೆ. ಸಾಯುವ ಮಾತಾಡುವವಳು, ಬಾಣಂತಿಯಾಗಿ ಮಂಕಾದವಳು, ಇಲ್ಲದ ಧ್ವನಿ ಕೇಳುವವಳು, ಇವರನ್ನು ನಾವೇ ನೋಡಿಕೊಳ್ಳುತ್ತೇವೆಂದು ಇಟ್ಟುಕೊಳ್ಳಬಾರದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯ ಕ್ರಿಮಿನಾಶಕವನ್ನು ಬೇರೆ ಕಡೆ ಇಡಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಈ ಮೂರು ಸಂಖ್ಯೆಗಳನ್ನು ಸಂಘದ ಗೋಡೆಯ ಮೇಲೆ ಬರೆಸಿ.

ಇನ್ನು ಬರೆಯುವ ಕೆಲಸ. ಸಂಘದಲ್ಲಿ ಹೆಸರಿಲ್ಲದ ಒಂದು ಪುಸ್ತಕವಿರಲಿ. ಈ ಮೂರು ತಿಂಗಳಲ್ಲಿ ಎಷ್ಟು ಮಂದಿ ಹೇಳಿಕೊಂಡರು, ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ದೆವು, ಅಲ್ಲಿ ಹಿಂಸೆಯ ಬಗ್ಗೆ ಕೇಳಿದರೆ ಇಲ್ಲವೆ, ಆರು ತಿಂಗಳ ಮೇಲೆ ಹೊಡೆತ ನಿಂತಿತೆ, ಇಷ್ಟು ಸಾಕು. ಹೆಸರು, ಮನೆ, ಗುರುತು ಯಾವುದೂ ಬೇಡ. ಆ ಪುಸ್ತಕ ಯಾರ ಕೈಗೆ ಸಿಕ್ಕರೂ ಯಾವ ಹೆಣ್ಣಿಗೂ ಪೆಟ್ಟು ಬೀಳಬಾರದು. ಒಂದು ಸಂಘದ ಪುಸ್ತಕ ಸಣ್ಣದು. ತಾಲ್ಲೂಕಿನ ನೂರು ಸಂಘಗಳ ಪುಸ್ತಕ ಕೂಡಿದರೆ ಅದನ್ನು ಆರೋಗ್ಯಾಧಿಕಾರಿಯ ಮೇಜಿನ ಮೇಲಿಟ್ಟು ಉತ್ತರ ಕೇಳಬಹುದು.

ಸಂಶೋಧಕರಿಗೂ ನಾವು ಷರತ್ತು ಹಾಕಬೇಕು. ಪ್ರಶ್ನೆಪಟ್ಟಿ ಹಿಡಿದು ಊರಿಗೆ ಬರುವವರನ್ನು ಕೇಳಿ: ಹಿಂಸೆಯ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿದೆಯೆ? ಹೇಳಿಕೊಂಡವಳಿಗೆ ಅಂದೇ ಏನು ನೆರವು ಕೊಡುತ್ತೀರಿ? ‘ವಾಸಿಯಾಯಿತು’ ಎಂದು ಯಾವಾಗ ಬರೆದುಕೊಳ್ಳುತ್ತೀರಿ, ನಿದ್ದೆ ಬಂದಾಗಲೋ ಹೊಡೆತ ನಿಂತಾಗಲೋ? ಸಿಕ್ಕ ಫಲಿತಾಂಶವನ್ನು ಕನ್ನಡದಲ್ಲಿ ನಮ್ಮ ಮುಂದೆ ಬಂದು ಓದುತ್ತೀರೋ? ಗೋವಾದಲ್ಲಿ ಯಾರೋ ಈ ಪ್ರಶ್ನೆಯನ್ನು ಪಟ್ಟಿಗೆ ಸೇರಿಸಿದ್ದರಿಂದ ತಾನೆ, ಕುಡಿತ ನಿಲ್ಲುವುದೂ ಹೊಡೆತ ನಿಲ್ಲುವುದೂ ಬೇರೆ ಬೇರೆ ಎಂಬುದು ಕಂಡದ್ದು?

‘ಪುಸ್ತಕದ ಬದನೆಕಾಯಿ’ ಎಂದು ನಾವು ಹಾಸ್ಯ ಮಾಡುತ್ತೇವೆ. ಪುಸ್ತಕದಲ್ಲಿರುವ ಈ ಬದನೆಕಾಯಿಯ ಬೀಜ ನಮ್ಮಂಥ ಹೆಂಗಸರ ಬಾಳಿನಿಂದಲೇ ಹೋದದ್ದು. ಉಗಾಂಡದ ಹಳ್ಳಿಯವರೂ ಗೋವಾದ ಆರೋಗ್ಯ ಕೇಂದ್ರಕ್ಕೆ ಬಂದ ಹೆಂಗಸರೂ ತಮ್ಮ ನೋವು ಹೇಳಿಕೊಂಡಿದ್ದರಿಂದ ಅದು ಪುಸ್ತಕವಾಯಿತು. ನಮ್ಮದನ್ನು ನಾವು ವಾಪಸು ಕೇಳಿ ಪಡೆಯಬೇಕು. ಊರಿಗೆ ಹೋದ ಮೇಲೆ ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಆದ ನಂತರ ಹತ್ತು ನಿಮಿಷ ಉಳಿಸಿ, ‘ಈ ವಾರ ಬಾರದವರು ಯಾರು, ಏಕೆ?’ ಎಂದು ಕೇಳಿ. ಇಷ್ಟು ಹೇಳಿ, ನಿಮ್ಮ ಪ್ರಶ್ನೆಗಳಿಗಾಗಿ ನನ್ನ ಮಾತು ನಿಲ್ಲಿಸುತ್ತೇನೆ.